ಹಾಗಲವಾಡಿಯ ಮರಳು

ಸದಾಶಿವನಗರ, ತುಮಕೂರು
೮ ಡಿಸೆಂಬರ್ ೨೦೨೪

ಗುರುಪ್ರಕಾಶ್ ಅವರಿಗೆ ಸುಧಾ ಬರೆಯುವುದು.

ನೀವು ಕ್ಷೇಮವಾಗಿರಿ ಎಂದು ಬರೆಯಲು ಕೈ ಒಪ್ಪಲಿಲ್ಲ. ಕುಣಿಗಲ್‌ನಲ್ಲಿ ನಿಮ್ಮಣ್ಣನ ಮನೆಯ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೀರಿ, ಊಟವೂ ಸೇರುತ್ತಿಲ್ಲ ಎಂದು ತಿಳಿಯಿತು. ತಿಳಿದ ದಿನ ನಾನು ಹೊಟ್ಟೆ ತುಂಬ ಉಂಡೆ.

ನಿಮ್ಮಣ್ಣ ಶಿವಮೂರ್ತಿಯವರು ಮೊನ್ನೆ ಬಂದಿದ್ದರು. ನನ್ನ ತಮ್ಮ ಸತ್ತ ದುಃಖದಲ್ಲಿ ಬಾಯಿಗೆ ಬಂದದ್ದು ಆಡಿಬಿಟ್ಟೆ ಎಂದು ನಾನು ಬರೆದುಕೊಟ್ಟರೆ ಎಲ್ಲ ಸರಿಹೋಗುತ್ತದಂತೆ. ಕಾಫಿ ಕೊಟ್ಟು, ಉತ್ತರವನ್ನು ಕಾಗದದಲ್ಲಿ ಕಳಿಸುತ್ತೇನೆ ಎಂದೆ.

ಕಡಲು ಕೊರೆದ ದಡಕ್ಕೆ ಮರಳು ತುಂಬಿಸುವ ಕಂಟ್ರಾಕ್ಟು ನಿಮಗೆ ಸಿಕ್ಕಾಗ ನಾನೆಷ್ಟು ಹಿಗ್ಗಿದ್ದೆ. ಅಲ್ಲಿನ ಮೀನುಗಾರರ ಹಿತ್ತಿಲಿಗೇ ಅಲೆ ನುಗ್ಗುತ್ತಿತ್ತು. ಕಡಲ ತಳದಿಂದಲೇ ಮರಳೆತ್ತಿ ಸುರಿಯುತ್ತೇವೆ ಎಂದಿದ್ದಿರಿ. ಮರಳೆತ್ತುವ ಹಡಗು ಕೆಟ್ಟು ನಿಂತದ್ದು, ಮಳೆಗಾಲದೊಳಗೆ ಮುಗಿಸುವ ಅವಸರಕ್ಕೆ ನೀವು ನನ್ನ ತವರು ಹಾಗಲವಾಡಿಯ ಹಳ್ಳಕ್ಕೆ ಜೆಸಿಬಿ ಇಳಿಸಿದ್ದು, ಬಂದರಿನಿಂದ ಗೊಬ್ಬರ ತರಲು ಖಾಲಿ ಹೋಗುವ ಲಾರಿಗಳಲ್ಲಿ ಆ ಮರಳು ಸಾಗಿಸಿದ್ದು ನನಗೆ ಗೊತ್ತಿರಲಿಲ್ಲ. ಯಾರೋ ಬೆಂಗಳೂರಿನವರು ಬಗೆಯುತ್ತಿದ್ದಾರೆ ಎಂದು ಊರವರು ನಂಬಿದ್ದರು.

ಮೇ ತಿಂಗಳ ಮಳೆಗೆ ಮರಳು ತೆಗೆದ ಗುಂಡಿಗಳು ತುಂಬಿದವು. ಅಂತರಸನಹಳ್ಳಿಯ ಫ್ಯಾಕ್ಟರಿಗೆ ರಜೆ ಹಾಕಿ ಊರಿಗೆ ಬಂದಿದ್ದ ನನ್ನ ತಮ್ಮ ಅಂಜನಮೂರ್ತಿ, ಚಿಕ್ಕಂದಿನಿಂದ ಮೊಣಕಾಲುದ್ದದ ನೀರಲ್ಲಿ ದಾಟುತ್ತಿದ್ದ ಜಾಗದಲ್ಲೇ ಎಮ್ಮೆ ಹೊಡೆದುಕೊಂಡು ಕಾಲಿಟ್ಟ. ಎಮ್ಮೆ ಈಚೆ ದಡಕ್ಕೆ ಬಂತು. ಅವನು ಬರಲಿಲ್ಲ.

ನೀವು ಹೆಗಲು ಕೊಟ್ಟಿರಿ. ನಮ್ಮವ್ವನ ಕೈ ಹಿಡಿದು, ಹಣೆಬರಹಕ್ಕೆ ಯಾರೇನು ಮಾಡಲಾಗುತ್ತದೆ ಎಂದಿರಿ. ಆಗಲೇ ನಿಮಗೆ ಎಲ್ಲ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ, ಮಳೆಗಾಲ ಕಳೆದರೂ ದಡ ನಿಂತಿತೆಂದು ಆ ಮೀನುಗಾರರು ನಮ್ಮನ್ನು ಊಟಕ್ಕೆ ಕರೆದರಲ್ಲ, ಅಲ್ಲಿ ನಿಮ್ಮ ಲಾರಿ ಡ್ರೈವರ್ ವೆಂಕಟರಂಗಯ್ಯ ಹೆಮ್ಮೆಯಿಂದಲೇ ಹೇಳಿದರು: “ಹೆಂಗ್ ನಿಂತದೆ ನೋಡಿ ಅಮ್ಮ. ನಿಮ್ಮೂರ ಹಳ್ಳದ ಮರಳೇ ಕಣಮ್ಮ ಇದು.”

ಮಕ್ಕಳು ಆ ಮರಳಲ್ಲಿ ಗೂಡು ಕಟ್ಟುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಆಮೇಲೂ ನಿಮಗೆ ಬಡಿಸಿದೆ, ಷರ್ಟು ಇಸ್ತ್ರಿ ಮಾಡಿಕೊಟ್ಟೆ. ಜಗಳವಾಡಿದ್ದರೆ ನೀವು ಅತ್ತು, ಕಾಲು ಹಿಡಿದು, ನಾಲ್ಕು ಗೋಡೆಯೊಳಗೇ ಮುಗಿಸಿಬಿಡುತ್ತಿದ್ದಿರಿ. ನನಗೆ ಜನ ಬೇಕಿತ್ತು. ದಡ ಉಳಿಸಿದ್ದಕ್ಕೆ ರಾಜ್ಯೋತ್ಸವದ ದಿನ ನಿಮಗೆ ಸನ್ಮಾನ ನಿಗದಿಯಾಯಿತು. ಅವ್ವನನ್ನು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದೆ. ಶಾಲು ಹೊದಿಸಿಕೊಂಡ ಮೇಲೆ ನೀವೇ, ಎರಡು ಮಾತಾಡು ಎಂದು ಮೈಕು ಕೊಟ್ಟಿರಿ. ಮರಳು ಎಲ್ಲಿಯದು, ಗುಂಡಿಯಲ್ಲಿ ಸತ್ತವನು ಯಾರು, ಅಷ್ಟೇ ಹೇಳಿದೆ. ಇವಳಿಗೆ ತಲೆ ಸರಿಯಿಲ್ಲ ಎಂದು ಮೈಕು ಕಿತ್ತುಕೊಂಡಿರಿ.

ಆಗ ಅವ್ವ ಎದ್ದು ನಿಂತು ಕೇಳಿದಳು: “ಹೌದೇನಪ್ಪಾ? ಇಲ್ಲ ಅಂತ ಒಂದ್ ಮಾತು ಹೇಳ್ಬುಡು, ನಾನು ನಂಬ್ತೀನಿ.”

ನೀವು ತಲೆ ಎತ್ತಲಿಲ್ಲ. ಈಗಲೂ ಕಣ್ಣು ಮುಚ್ಚಿ ಆ ಕ್ಷಣ ನೆನೆಸಿಕೊಳ್ಳುತ್ತೇನೆ. ನನ್ನ ತಮ್ಮ ವಾಪಸ್ ಬರುವುದಿಲ್ಲ. ಆದರೂ ನಿದ್ದೆ ಬರುತ್ತದೆ.

ನಿಮ್ಮಣ್ಣನಿಗೆ ಹೇಳಿ, ನಾನೇನೂ ಬರೆದುಕೊಡುವುದಿಲ್ಲ.

ಇಂತಿ,
ಅಂಜನಮೂರ್ತಿಯ ಅಕ್ಕ
ಸುಧಾ

ಮರೆತಿದ್ದೆ: ನಿನ್ನೆ ಪೊಲೀಸರಿಗೆ ಹೇಳಿಕೆ ಕೊಟ್ಟು ಬಂದೆ. ಕಂಟ್ರಾಕ್ಟ್ ಲೈಸೆನ್ಸನ್ನು ನನ್ನ ಹೆಸರಲ್ಲೇ ಮಾಡಿಸಿದ್ದಿರಲ್ಲ, ಹಾಗಾಗಿ ಮರಳಿನ ಕೇಸಿನಲ್ಲಿ ಮೊದಲ ಆರೋಪಿ ನಾನು, ಎರಡನೆಯವರು ನೀವು. ನನ್ನ ಹೆಸರು ಬಿಡಿಸಬಹುದು ಎಂದು ವಕೀಲರು ಹೇಳಿದರು. ಬೇಡ ಎಂದೆ. ಕೋರ್ಟಿನಲ್ಲಿ ಅವ್ವನ ಪ್ರಶ್ನೆಯನ್ನೇ ಮತ್ತೆ ಕೇಳುವಾಗ ನಿಮ್ಮ ಪಕ್ಕದಲ್ಲೇ ನಿಲ್ಲಬೇಕು ನಾನು.