ಭಾನುಬೇನ್ ಹೆಸರಿನಲ್ಲಿ ತೆರೆದ ಫೈಲು

ಅಕ್ಟೋಬರ್ 9, ಬೆಳಿಗ್ಗೆ

…ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ. ಹಾಂ, ಕೆಂಪು ಚುಕ್ಕೆ ಬಂತು.

ಘೂಘರಾ ಮಾರುವ ತಿಂಡಿ ಗಾಡಿಯ ಪಕ್ಕ ಸ್ಕೂಟರ್ ನಿಲ್ಲಿಸಿದ್ದೇನೆ. ತಿಂದು ಮತ್ತೆ ಧರ್ಮೇಶನ ಕಾರ್ಖಾನೆಗೆ. ಹಿತ್ತಾಳೆ ನಟ್ಟು, ಬೋಲ್ಟು, ನಲ್ಲಿಯ ಬಿಡಿಭಾಗ... ಜಾಮ್‌ನಗರದಲ್ಲಿ ಇನ್ನೇನು. ನವರಾತ್ರಿಯಲ್ಲಿ ಹೊಸ ಸರ್ವರ್, ಹೊಸ ಕಂಪ್ಯೂಟರ್, ಲೆಕ್ಕದ ಸಾಫ್ಟ್‌ವೇರ್ ಎಲ್ಲ ನಾನೇ ಕೂರಿಸಿಕೊಟ್ಟೆ. ಆಮೇಲೆ ಶುರುವಾಯಿತು. 'ಫೈಲ್ ತೆರೆಯಲಾಗುತ್ತಿಲ್ಲ. ಬೇರೊಬ್ಬರು ಬಳಸುತ್ತಿದ್ದಾರೆ.' ಯಾರು? ಬಳಸುವವರೆಲ್ಲ ಅಲ್ಲೇ ಸುತ್ತ ಕೂತು ನನ್ನ ಮುಖ ನೋಡುತ್ತಿದ್ದಾರೆ.

ಕೆಲವು ದಿನ ಒಂದು ಚಹಾ ಮುಗಿಯುವಷ್ಟರಲ್ಲಿ ತಾನೇ ತೆರೆದುಕೊಳ್ಳುತ್ತದೆ. ಕೆಲವು ದಿನ ಮಧ್ಯಾಹ್ನದ ತನಕ ಜಪ್ಪಯ್ಯ ಅಂದರೂ ಇಲ್ಲ. ನಾನು ಹೋಗಿ ನಿಂತರೆ ಸರಿ.

"ಕಿರೀಟ್‌ಭಾಯಿ, ನಿಮ್ಮನ್ನ ಕಂಡ್ರೆ ಅದಕ್ಕೆ ಭಯ. ಇಲ್ಲೇ ಒಂದು ಮಂಚ ಹಾಕಿಸ್ಲಾ?" ಅಂದರು ಭಾನುಬೇನ್.

ಭಾನುಬೇನ್ ಅಲ್ಲಿಯ ಅಕೌಂಟೆಂಟ್. ಧರ್ಮೇಶನ ಅಪ್ಪನ ಕಾಲದಿಂದ. ಅಪ್ಪ ತೀರಿಕೊಂಡ ಮೇಲೆ ಈಗ ಮಗನ ದರ್ಬಾರು. ಅಪ್ಪನಿಗೆ ಮಗಳಂತಿದ್ದವರು ಮಗನಿಗೆ 'ಹಳೇ ಕಾಲದವರು'.

ಅಕ್ಟೋಬರ್ 11

ಆ್ಯಂಟಿವೈರಸ್ ತೆಗೆದು ನೋಡಿದೆ. ಕೇಬಲ್ ಬದಲಿಸಿದೆ. ಫೋಲ್ಡರಿನ ಅನುಮತಿಗಳನ್ನೆಲ್ಲ ಬಿಚ್ಚಿ ಮೊದಲಿನಿಂದ ಕೊಟ್ಟೆ. ಸರ್ವರನ್ನು ಆರಿಸಿ, ಹಚ್ಚಿ... ಎರಡು ದಿನ ಒಳ್ಳೆಯ ಮಗುವಿನ ಹಾಗಿತ್ತು. ಇವತ್ತು ಬೆಳಿಗ್ಗೆ ಮತ್ತೆ.

ಹೆಂಡತಿ ನಗುತ್ತಾಳೆ. ಮನೆಯಲ್ಲಿ ಕೇಳುವವರಿಲ್ಲ ಅಂತ ಫೋನಿಗೆ ಹೇಳಿಕೊಳ್ತೀರಾ ಅಂತ. ಹೌದು. ಹೇಳುತ್ತಾ ಹೋದರೆ ಎಲ್ಲೋ ಒಂದು ಎಳೆ ಸಿಗುತ್ತದೆ. ಇವತ್ತು ಸಿಗಲಿಲ್ಲ.

ಅಕ್ಟೋಬರ್ 14

ಸಿಕ್ಕಿತು. ಸಿಗಬಾರದಿತ್ತು.

ಫೈಲು ಲಾಕ್ ಆಗಿದ್ದಾಗಲೇ ಸರ್ವರಿನ ಮುಂದೆ ಕೂತಿದ್ದೆ. ಯಾರು ಹಿಡಿದಿದ್ದಾರೆ ಎಂದು ತೋರಿಸುವ ಪಟ್ಟಿ ತೆರೆದೆ. ಒಂದೇ ಹೆಸರು. ಭಾನು. ಭಾನುಬೇನ್ ನನ್ನ ಎದುರಿಗೇ ನಿಂತು ಸಾಸರಿನಲ್ಲಿ ಚಹಾ ಊದುತ್ತಿದ್ದರು. ಅವರ ಕಂಪ್ಯೂಟರ್ ಆಫ್. ನಾನು ಪಟ್ಟಿ ಮುಚ್ಚುವ ಮೊದಲೇ ಧರ್ಮೇಶ ನನ್ನ ಹೆಗಲ ಮೇಲಿಂದ ಓದಿಬಿಟ್ಟ.

"ಭಾನುಬೇನ್, ನಿಮ್ಮ ಪಾಸ್‌ವರ್ಡ್ ಯಾರ ಹತ್ರ ಇದೆ?"

"ನನ್ನ ಹತ್ರ."

"ಇನ್ಯಾರ ಹತ್ರ?"

"ದೇವರ ಹತ್ರ. ಹೋಗಿ ಕೇಳು."

ಅವನು ನಗಲಿಲ್ಲ. ನನ್ನನ್ನು ಹೊರಗೆ ಕರೆದುಕೊಂಡು ಹೋದ. ಹಿಂದಿನ ಬೀದಿಯ ಕಾರ್ಖಾನೆಯವರು ಭಾನುಬೇನನ್ನು ಕೆಲಸಕ್ಕೆ ಕರೆಯುತ್ತಿದ್ದಾರಂತೆ. ಮನೆಯಿಂದ ಫೈಲು ತೆರೆದು ನಮ್ಮ ದರ ಅವರಿಗೆ ಕೊಡುತ್ತಿದ್ದಾಳೆ ಎಂದ. ಪಾಸ್‌ವರ್ಡ್ ಈಗಲೇ ಬದಲಾಯಿಸೋಣ ಎಂದೆ.

"ಬೇಡ. ಕೈಗೆ ಸಿಕ್ಕಿಬೀಳ್ಲಿ. ಮುಟ್ಟಬೇಡಿ ನೀವು."

ಮುಟ್ಟಲಿಲ್ಲ. ಕಾರ್ಖಾನೆ ಅವನದು.

ಅಕ್ಟೋಬರ್ 20, ದೀಪಾವಳಿ, ಸಂಜೆ

ಎಲ್ಲಿಂದ ಹೇಳಲಿ.

ಚೋಪಡಾ ಪೂಜೆ. ಮೊದಲೆಲ್ಲ ಚೋಪಡಾ, ಅಂದರೆ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ, ಇಡುತ್ತಿದ್ದರು, ಈಗ ಕಂಪ್ಯೂಟರ್. ಮೂಲೆಗೆ ಕುಂಕುಮದ ಸ್ವಸ್ತಿಕ, ಮೇಲೆ ಚೆಂಡುಹೂವು. ಕೆಲಸದವರು, ನೆಂಟರು, ಎಲ್ಲ ಸೇರಿದ್ದರು. ಧರ್ಮೇಶನ ತಾಯಿ ಮೋಂಘೀಬಾ, ಎಲ್ಲರ ಬಾಯಲ್ಲಿ 'ಬಾ', ಅಂದರೆ ಅಮ್ಮ, ಕಾರ್ಖಾನೆಯ ಮೇಲಿನ ಮನೆಯಲ್ಲಿ ದೀಪ ಹಚ್ಚಿ, ಮೆಟ್ಟಿಲು ಹಿಡಿದುಕೊಂಡು ನಿಧಾನ ಇಳಿದು ಬಂದರು. ಭಟ್ಟರು "ತೆರೀರಿ" ಎಂದರು. ದೀಪಾವಳಿಗೆ ಹೊಸ ವರ್ಷದ ಲೆಕ್ಕ ತೆರೆಯುವುದು ಯಾವತ್ತೂ ಭಾನುಬೇನ್ ಕೈ.

ತೆರೆಯಲಿಲ್ಲ. ಅದೇ ಸಂದೇಶ. ಲಕ್ಷ್ಮಿಯ ಫೋಟೋದ ಗಾಜಿನಲ್ಲೂ ಅದೇ ಹೊಳೆಯುತ್ತಿತ್ತು.

"ಲಕ್ಷ್ಮಿ ಎದುರಿಗೇ ಬೀಗ ಹಾಕಿದ್ರಲ್ಲ, ಭಾನುಬೇನ್," ಎಂದ ಧರ್ಮೇಶ. ಎಲ್ಲರಿಗೂ ಕೇಳುವ ಹಾಗೆ.

ಅವರ ಬೆರಳು ಕೀಬೋರ್ಡಿನ ಮೇಲೇ ಇತ್ತು. ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಕುಂಕುಮ ಅಂಟಿತ್ತೋ, ಏನೋ. ಮೋಂಘೀಬಾಗೆ ಕಿವಿ ಮಂದ, "ಏನಂದ? ಏನಂದ?" ಎನ್ನುತ್ತಿದ್ದರು. ಯಾರೂ ಹೇಳಲಿಲ್ಲ.

ಲಾಭ್ ಪಾಂಚಮ್ ದಿನ, ಹಬ್ಬದ ರಜೆ ಮುಗಿದು ಕಾರ್ಖಾನೆ ತೆರೆಯುವಾಗ, ಭಾನುಬೇನ್ ತಮ್ಮ ಹತ್ತಿರದ ಬೀಗದ ಕೈ ತಂದುಕೊಟ್ಟು ಕೆಲಸ ಬಿಟ್ಟು ಹೋಗಬೇಕಂತೆ. ಅಲ್ಲಿಯ ತನಕ ನನಗೆ ಸಮಯ ಕೊಡು ಎಂದು ಧರ್ಮೇಶನನ್ನು ಬೇಡಿದೆ. "ಕೊಟ್ಟೆ," ಎಂದ, ಭಿಕ್ಷೆ ಹಾಕಿದ ಹಾಗೆ. ಹೊರಡುವ ಮೊದಲು, ಫೈಲು ಯಾರು ಹಿಡಿದಿದ್ದಾರೆಂಬ ಸರ್ವರಿನ ಆ ಪಟ್ಟಿಯ ಫೋಟೋ ತೆಗೆದುಕೊಂಡೆ.

ಅಕ್ಟೋಬರ್ 25

ಊರೆಲ್ಲ ಹಬ್ಬಕ್ಕೆ ಬಾಗಿಲು ಹಾಕಿದೆ. ನನಗೆ ಮಾತು ಬಂದಿಲ್ಲ ಇಷ್ಟು ದಿನ. ನನಗೆ!

ಹೊಸ ವರ್ಷದ ನೆಪ ಮಾಡಿಕೊಂಡು ಭಾನುಬೇನ್ ಮನೆಗೆ ಹೋದೆ. ಊರಿನ ಆ ತುದಿ. ಹಪ್ಪಳದಂಥ ಮಠಿಯಾ ಇಟ್ಟರು, ಸೋಂಪಿನ ಮುಖವಾಸದ ಡಬ್ಬಿ ಇಟ್ಟರು. ಎದುರು ಕೂತರು.

"ನೀವೂ ನಂಬ್ತೀರಾ, ಭಾಯಿ?"

ಇಲ್ಲ ಎಂದೆ. ಆದರೆ ಒಂದು ಕ್ಷಣ ತಡವಾಯಿತು. ಅವರಿಗೆ ಗೊತ್ತಾಯಿತು.

"ಮಠಿಯಾ ತಿನ್ನಿ, ಮೆತ್ತಗಾಗುತ್ತೆ," ಎಂದರು, ಅಷ್ಟೇ.

ಮನೆಗೆ ಬಂದು ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಹೆಸರನ್ನೇ ನೋಡುತ್ತಿದ್ದೆ ಇಷ್ಟು ದಿನ. ಪಕ್ಕದಲ್ಲಿ ಒಂದು ಸಂಖ್ಯೆ ಇದೆ, ಯಂತ್ರದ ವಿಳಾಸ. ಭಾನುಬೇನ್ ಕಂಪ್ಯೂಟರಿಗೆ ತಂತಿ ಎಳೆದಿದ್ದೇನೆ. ಈ ಸಂಖ್ಯೆ ಕಾರ್ಖಾನೆಯ ವೈಫೈ ಹಂಚುವಂಥದ್ದು. ಆ ವೈಫೈ ಗೇಟು ದಾಟುವುದಿಲ್ಲ. ಊರಿನ ಆ ತುದಿಯ ಮನೆಗೆ ಹೇಗೆ ಹೋದೀತು? ಫೈಲು ಹಿಡಿದವರು ಕಾಂಪೌಂಡಿನ ಒಳಗೇ ಇದ್ದಾರೆ. ಕೆಳಗೆ ಕಾರ್ಖಾನೆ.

ಮೇಲೆ ಮನೆ.

ಅಕ್ಟೋಬರ್ 26, ಲಾಭ್ ಪಾಂಚಮ್, ಬೆಳಿಗ್ಗೆ

ಮೆಲ್ಲಗೆ ಮಾತಾಡುತ್ತಿದ್ದೇನೆ. ಮೇಲಿನ ಮನೆಯ ಜಗಲಿಯಲ್ಲಿದ್ದೇನೆ. ಕೆಳಗೆ ಫೈಲು ತೆರೆಯುತ್ತಿಲ್ಲ. ಮುಹೂರ್ತ ನೋಡಿ ಮಾಡುವ ವರ್ಷದ ಮೊದಲ ಬಿಲ್ ನಿಂತಿದೆ. ಭಾನುಬೇನ್ ಬೀಗದ ಕೈ ಮೇಜಿನ ಮೇಲಿಟ್ಟು, ಚಹಾ ಕೂಡ ಕುಡಿಯದೆ ಹೋದರಂತೆ.

ದೇವರ ಕೋಣೆಯಲ್ಲಿದೆ ಅದು. ಹಳೇ ಕಂಪ್ಯೂಟರ್. ಭಾನುಬೇನ್ ವರ್ಷಗಟ್ಟಲೆ ಬಳಸಿದ್ದು. ಹೊಸದು ಬರುವ ತನಕ ಕೆಲವು ದಿನ ಅದರಿಂದಲೇ ಹೊಸ ಸರ್ವರಿನ ಫೈಲು ತೆರೆಯುತ್ತಿದ್ದರು. ಗುಜರಿಗೆ ಹಾಕಿಸಿದೆ ಎಂದಿದ್ದ ಧರ್ಮೇಶ. ಗುಜರಿಯವನ ಗಾಡಿಯಿಂದ ಮೋಂಘೀಬಾ ಇಳಿಸಿಕೊಂಡಿದ್ದಾರೆ! ಕೆಂಪು ಬಟ್ಟೆ, ಹಾರ, ಮುಂದೆ ತುಪ್ಪದ ದೀಪ. ಪರದೆ ಮೇಲೆ ಕಾರ್ಖಾನೆಯ ಲೆಕ್ಕ ತೆರೆದು ಕೂತಿದೆ. ಹಚ್ಚಿದ ಕೂಡಲೇ ಭಾನುಬೇನ್ ಹೆಸರಿನಲ್ಲೇ ತಾನೇ ತೆರೆದುಕೊಳ್ಳುತ್ತದೆ, ಬೇರೆ ಯಾರಿಗೂ ಬಿಡದ ಹಾಗೆ, ಒಬ್ಬರೇ ಬಳಸುವ ಹಳೇ ಪದ್ಧತಿಯಲ್ಲಿ.

"ಮೋಂಘೀಬಾ, ಇದನ್ನ ದಿನಾ ಹಚ್ತೀರಾ?"

"ಹಚ್ಚದೆ? ಅಷ್ಟು ದೀಪಾವಳಿ ಪೂಜೆ ಆದ ಚೋಪಡಾ ಇದು. ಗುಜರಿಗೆ ಹಾಕ್ತಾನಂತೆ, ತಲೆಕೆಟ್ಟವನು! ಅವರಪ್ಪ ಇದರ ಮುಂದೆ ಕೈ ಮುಗೀತಿದ್ರು. ದೀಪ ಇರೋ ತನಕ ಇದೂ ಇರಬೇಕು. ದೀಪ ಶಾಂತವಾದ್ರೆ ಇದನ್ನೂ ಮಲಗಿಸ್ತೀನಿ."

ತುಪ್ಪ ಕಡಿಮೆಯಿದ್ದ ದಿನ ದೀಪ ಬೇಗ ಆರಿ ಫೈಲು ಬಿಡುತ್ತಿತ್ತು, ಕೆಲವೊಮ್ಮೆ ಕೆಳಗೆ ಕೆಲಸ ಶುರುವಾಗುವ ಮೊದಲೇ. ಹಬ್ಬಕ್ಕೆ ಬಟ್ಟಲು ತುಂಬ ಹಾಕಿದ್ದಾರೆ.

ಅದೇ ದಿನ, ಮೆಟ್ಟಿಲ ಮೇಲೆ

ಧರ್ಮೇಶ ಬಂದು ನೋಡಿದ. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ನೆಟ್‌ವರ್ಕ್ ತೊಂದರೆ ಇತ್ತು ಅಂದ್ಬಿಡಿ, ಕಿರೀಟ್‌ಭಾಯಿ. ಬಾ ಹೆಸರು ಬೇಡ. ಹಬ್ಬದ ದಿನ, ಜನ ನಗ್ತಾರೆ."

"ಬಾ ಹೆಸರು ಬೇಡ, ಸರಿ. ಭಾನುಬೇನ್ ಹೆಸರು?"

"ಫೋನ್ ಮಾಡಿ ಬನ್ನಿ ಅಂತೀನಿ."

"ಅಷ್ಟು ಜನರ ಎದುರು ಅಂದೆ. ಫೋನಲ್ಲಿ ವಾಪಸ್ ತಗೋತೀಯಾ?"

ದನಿ ಏರಿತ್ತು ನನ್ನದು. ಕಿವಿ ಮಂದವಾದವರಿಗೂ ಕೇಳುವಷ್ಟು.

"ಭಾನುಗೆ ಏನಂದ?" ಎಂದರು ಬಾ, ಬಾಗಿಲಲ್ಲಿ ನಿಂತು.

ಈ ಸಲ ನಾನು ಹೇಳಿದೆ. ಜೋರಾಗಿ. ಪೂರ್ತಿ.

ಮಗನನ್ನು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಹೋದರು. ದೀಪ ಇನ್ನೂ ಉರಿಯುತ್ತಿತ್ತು. ಗುಂಡಿ ಒತ್ತಿ ಕಂಪ್ಯೂಟರ್ ಆರಿಸಿದರು, ಮೊದಲ ಸಲ ದೀಪ ಶಾಂತವಾಗುವ ಮುಂಚೆ. ಕೆಳಗಿನಿಂದ ಯಾರೋ ಕೂಗಿದರು, "ತೆರೀತು! ತೆರೀತು ಶೇಠ್!"

"ನಾನು ಹಚ್ಚಿದ ದೀಪ ಆ ಹುಡುಗಿ ಹೊಟ್ಟೆ ಮೇಲೆ ಹೊಡೀತಾ," ಎಂದರು ಬಾ. ಹುಡುಗಿ! ಭಾನುಬೇನ್‌ಗೆ ಮೊಮ್ಮಕ್ಕಳಿದ್ದಾರೆ.

ಧರ್ಮೇಶ ಕೈ ಹಿಡಿಯಲು ಹೋದ. "ಬಾ, ಮುಹೂರ್ತ ಹೋಗುತ್ತೆ, ಮೊದಲು ಬಿಲ್—"

"ಹೋಗ್ಲಿ. ಬಿಲ್ ಅವಳ ಕೈಯಿಂದಲೇ ಆಗೋದು. ನಾನು ಅವಳ ಮನೆಗೆ ಹೊರಟೆ, ನೀನು ಕಾರಲ್ಲಿ ಹಿಂದೆ ಬಾ. ಪೂಜೆ ದಿನ ಇದ್ದವರನ್ನೆಲ್ಲ ಕರ್ಕೊಂಡು ಬಾ."

ಅದೇ ದಿನ, ಗೇಟಿನ ಹತ್ತಿರ

ಮೋಂಘೀಬಾ ಕಾರಿಗೆ ಕಾಯುವುದಿಲ್ಲವಂತೆ. ಭಾನುಬೇನ್ ಬಿಟ್ಟುಹೋದ ಬೀಗದ ಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಾರೆ. ನನ್ನ ಸ್ಕೂಟರನ್ನು ಮೇಲೆ ಕೆಳಗೆ ನೋಡುತ್ತಿದ್ದಾರೆ.

"ಬೀಳಿಸ್ತೀಯೇನೋ ಮಾತುಗಾರ?"

"ಇಲ್ಲ ಬಾ."

"ಹಾಗಾದ್ರೆ ಆ ಫೋನ್ ಇಡು. ಎರಡೂ ಕೈಯಲ್ಲಿ ಹಿಡಿ."

ಹತ್ತಿದರು. ನನ್ನ ಹೆಗಲು ಗಟ್ಟಿಯಾಗಿ ಹಿಡಿದಿದ್ದಾರೆ. ಇಡುತ್ತಿದ್ದೇನೆ ಬಾ, ಇಟ್ಟೆ, ಇಗೋ ಇ—