ಇಪ್ಪತ್ತು ಹೆಜ್ಜೆ ದೂರದ ಜನರೇಟರು

ಭಾನುವಾರ, ಹದಿನೇಳನೇ ತಾರೀಕು
ಮನೆ, ಅಡುಗೆಮನೆಯ ಮೇಜು

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದ. ಹಡಗಿನಲ್ಲಿ ನೀನೂ ನಿನ್ನ ಎಂಜಿನ್ನುಗಳೂ ಕ್ಷೇಮವೆಂದು ನಂಬಿದ್ದೇನೆ. ಪತ್ರ ತಡವಾಯಿತು. ಹತ್ತು ದಿನದ ತಡಕ್ಕೆ ಆಸ್ಪತ್ರೆ ಕಾರಣ, ಆರು ವರ್ಷದ ತಡಕ್ಕೆ ನಾನೇ ಕಾರಣ. ಇಷ್ಟು ದಿನ "ಅವಳಿಗೆ ಹೇಳು", "ಅಪ್ಪನಿಗೆ ಹೇಳು" ಎಂದು ಇಬ್ಬರೂ ಸೇರಿ ನಿನ್ನ ಅಮ್ಮನನ್ನು ಅಂಚೆಯವಳನ್ನಾಗಿ ಮಾಡಿಬಿಟ್ಟಿದ್ದೆವು. ಈಗ ಅವಳು ಆ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಾಳೆ. "ನಿಮ್ಮ ಮಗಳಿಗೆ ನೀವೇ ಬರೀರಿ, ಇನ್ನು ನನ್ನ ಕೈಲಾಗಲ್ಲ" ಎಂದು ಕಾಗದ, ಪೆನ್ಸಿಲು ಮುಂದಿಟ್ಟು ಬಟ್ಟೆ ಒಣಹಾಕಲು ಹೋಗಿದ್ದಾಳೆ.

ಮೊದಲು ಒಳ್ಳೆಯ ಸುದ್ದಿ. ಆಪರೇಷನ್ ಆಯಿತು. ಗಂಟಲಿನ ಗಂಟು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು, ಬೇರೆಲ್ಲೂ ಹರಡಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಗಂಟಿನ ಜೊತೆ ಧ್ವನಿಪೆಟ್ಟಿಗೆಯೂ ಹೋಯಿತು. ಹೋಗುತ್ತದೆಂದು ಮೊದಲೇ ಹೇಳಿದ್ದರು. ಕತ್ತಿನಲ್ಲೊಂದು ತೂತಿದೆ, ಉಸಿರಾಟ ಅಲ್ಲಿಂದಲೇ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ನನಗೆ ರೋಗವೂ ಬಂತು, ಜಗಳವಂತೂ ಬೇಕಾದಷ್ಟಿತ್ತು. ಮೂವತ್ತೈದು ವರ್ಷ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿದವನಿಗೆ ಎರಡರಲ್ಲಿ ಒಂದೂ ಗೊತ್ತಿರಲಿಲ್ಲ ಅಂತಾಯಿತು.

ಆಪರೇಷನ್ನಿಗೆ ಹದಿನೆಂಟು ದಿನ ಇರುವಾಗ ಆಸ್ಪತ್ರೆಯ ಮಾತಿನ ಡಾಕ್ಟರಮ್ಮ ನನ್ನನ್ನು ಕರೆಸಿದರು. ಅವರು ಮಾತಾಡುವುದು ಎಷ್ಟು ಮೆಲ್ಲಗೆ ಎಂದರೆ ನಾನು ಮೂರು ಸಲ "ಏನಂದ್ರಿ?" ಅನ್ನಬೇಕಾಯಿತು. ಸಾವಿರದ ಇನ್ನೂರು ವಾಕ್ಯಗಳ ಒಂದು ಪಟ್ಟಿ ಕೊಟ್ಟರು. ಅಷ್ಟನ್ನೂ ನನ್ನ ಧ್ವನಿಯಲ್ಲಿ ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡು ಮಾಡಿ ಕೊಟ್ಟರೆ, ಮುಂದೆ ನಾನು ಏನು ಟೈಪು ಮಾಡಿದರೂ ಯಂತ್ರ ನನ್ನ ಧ್ವನಿಯಲ್ಲೇ ಹೇಳುತ್ತದಂತೆ. ಕಡಿಮೆಯಾದರೆ ಯಾರದೋ ಧ್ವನಿ. "ಹಿಂದೆ ಒಂದು ಸದ್ದೂ ಇರಬಾರದು. ಆಮೇಲೆ ಬೇಕು ಅಂದ್ರೂ ಸಿಗಲ್ಲ, ನೋಡಿ" ಎಂದರು. ಆ ಮಾತು ಮಾತ್ರ ಒಂದೇ ಸಲಕ್ಕೆ ಕೇಳಿಸಿತು.

ಮೂರು ದಿನ ಚೆನ್ನಾಗಿ ನಡೆಯಿತು. ಅಮ್ಮ ಓದುವುದು, ನಾನು ಹೇಳುವುದು, ಅವಳು ಗುರುತು ಹಾಕುವುದು. ವಾಕ್ಯಗಳಾದರೂ ಎಂಥವು! "ನೀಲಿ ಬಕೆಟ್ಟಿನಲ್ಲಿ ಏಳು ಬೀಗಗಳಿವೆ." ಬೀಗವನ್ನು ಬಕೆಟ್ಟಿನಲ್ಲಿ ಯಾವ ಬುದ್ಧಿವಂತ ಇಡುತ್ತಾನೆ ಎಂದು ನಾನು ತಗಾದೆ ತೆಗೆದರೆ ಅಮ್ಮ "ಬೀಗ ನಿಮ್ಮ ಬಾಯಿಗೆ ಬೇಕು, ಸುಮ್ನೆ ಹೇಳ್ರೀ" ಅನ್ನುತ್ತಿದ್ದಳು. ನಾಲ್ಕನೇ ದಿನ ಬಿರುಗಾಳಿ ಬಂತು. ಬೀದಿ ಕೊನೆಯ ಟ್ರಾನ್ಸ್‌ಫಾರ್ಮರು ಸುಟ್ಟುಹೋಯಿತು. ಹೊಸದು ಬರಲು ಮೂರು ವಾರ ಎಂದರು. ನನ್ನ ಬಳಿ ಇದ್ದದ್ದು ಎರಡು ವಾರ. ಆಗಿದ್ದದ್ದು ಇನ್ನೂರ ಅರವತ್ತು ವಾಕ್ಯ.

ಮಾರುಕಟ್ಟೆಯಲ್ಲಿ ಮಂಜುಗಡ್ಡೆ ಮಾರುವ ತಣ್ಣಗಣ್ಣ ನಿನಗೆ ನೆನಪಿರಬೇಕು. ಅವನು ತನ್ನ ಪೆಟ್ರೋಲ್ ಜನರೇಟರನ್ನು ಕೈಗಾಡಿಯಲ್ಲಿ ತಂದುಕೊಟ್ಟ. ಜೊತೆಗೆ ಎರಡೂ ತುದಿಗೆ ಪ್ಲಗ್ಗು ಇರುವ ಒಂದು ವೈರು. "ಒಂದು ತುದಿ ಇದಕ್ಕೆ, ಇನ್ನೊಂದು ಗೋಡೆಗೆ. ಇಡೀ ಮನೆ ಝಗ್ ಅನ್ನತ್ತೆ" ಎಂದ. ಆ ವೈರನ್ನು ನಾಳೆ ನೋಡೋಣವೆಂದು ಪಕ್ಕಕ್ಕಿಟ್ಟು, ಜನರೇಟರನ್ನು ಹಿಂಬಾಗಿಲ ಬಳಿ ನಿಲ್ಲಿಸಿ, ಕಂಪ್ಯೂಟರನ್ನು ನೇರವಾಗಿ ಅದಕ್ಕೇ ಸಿಕ್ಕಿಸಿದೆ. ಅಂದಿನ ರೆಕಾರ್ಡು ಕೇಳಿ ಡಾಕ್ಟರಮ್ಮ ಕೇಳಿದ್ದು: "ಲಾರಿಯಲ್ಲಿ ಕೂತು ಹೇಳಿದ್ರಾ?"

ಅತ್ತ ದರಿ ಇತ್ತ ಪುಲಿ. ಜನರೇಟರು ಇಲ್ಲದಿದ್ದರೆ ಕಂಪ್ಯೂಟರಿಲ್ಲ, ಇದ್ದರೆ ಸದ್ದು. ಆಗ ನನ್ನ ತಲೆ ಓಡಿತು. ಓಡಬಾರದ ಕಡೆಗೇ ಓಡಿತು. ಅದನ್ನು ಎಳೆದುಕೊಂಡು ಹೋಗಿ ಬಚ್ಚಲುಮನೆಯೊಳಗೆ ಇಟ್ಟೆ, ಬಾಗಿಲು ಹಾಕಿದೆ, ಬಾಗಿಲಿಗೆ ಎರಡು ಕಂಬಳಿ ನೇತುಹಾಕಿದೆ. ಬೀದಿಯ ಗಲಾಟೆ ಬರದಿರಲೆಂದು ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದೆ. ಸದ್ದು ನಿಜಕ್ಕೂ ಇಳಿಯಿತು. ನಲವತ್ತು ವಾಕ್ಯ ಆಗಿರಬೇಕು, ಅಮ್ಮ "ತಲೆ ಸಿಡೀತಿದೆ ಕಣ್ರೀ" ಎಂದಳು. "ನನ್ನ ಮಾತು ಕೇಳಿದಾಗೆಲ್ಲ ನಿಂಗೆ ಹಾಗೇ ಆಗತ್ತೆ" ಎಂದು ತಮಾಷೆ ಮಾಡಿದೆ. ಮುಂದಿನ ವಾಕ್ಯ ಓದಲಿ ಎಂದು ಕಾದೆ. ಅವಳು ಓದಲಿಲ್ಲ. ತಿರುಗಿ ನೋಡಿದರೆ ಪಟ್ಟಿ ಕೈಯಲ್ಲೇ ಇತ್ತು, ತಲೆ ಮೇಜಿನ ಮೇಲಿತ್ತು.

ಅವಳನ್ನು ಬೀದಿಗೆ ಹೇಗೆ ಹೊತ್ತು ತಂದೆನೋ ಗೊತ್ತಿಲ್ಲ, ನನ್ನ ಕಾಲೂ ಸೋಲುತ್ತಿತ್ತು. ನನ್ನ ಗಂಟಲಿನಿಂದ ಕೊನೆಯ ದೊಡ್ಡ ಕೂಗು ಹೊರಟದ್ದು ಅವತ್ತೇ. ಎದುರು ಮನೆಯ ನರ್ಸು ಚಪ್ಪಲಿಯನ್ನೂ ಹಾಕದೆ ಓಡಿಬಂದಳು. ಸಂಜೆಯವರೆಗೆ ಅಮ್ಮನಿಗೆ ಆಮ್ಲಜನಕ ಕೊಟ್ಟರು. "ಇನ್ನು ಹತ್ತು ನಿಮಿಷ ಆಗಿದ್ರೆ ಇಬ್ರೂ ಇರ್ತಿರಲಿಲ್ಲ. ಜನರೇಟರ್ ಹೊಗೆಯ ಆ ವಿಷಕ್ಕೆ ವಾಸನೆ ಇರಲ್ಲ ಸ್ವಾಮಿ" ಎಂದು ನರ್ಸು ನನ್ನನ್ನು ಬೈದಳು. ಬೈಸಿಕೊಂಡೆ. ಧ್ವನಿ ಉಳಿಸಿಕೊಳ್ಳಲು ಹೋಗಿ ನಾನು ಅವಳನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಮರುದಿನ ಅಮ್ಮ ನಿನಗೆ ಇಮೇಲಿನಲ್ಲಿ ಸುದ್ದಿ ಕಳಿಸಿದಳು, ನಿನ್ನ ಎರಡು ಪುಟದ ಉತ್ತರ ಬಂತು. ಮೇಲೆ "ಅಮ್ಮನಿಗೆ" ಎಂದಿತ್ತು, ಒಳಗಿದ್ದದ್ದೆಲ್ಲ ನನಗೆ. "ಎರಡು ಪ್ಲಗ್ಗಿನ ವೈರು ಇದ್ದರೆ ಈಗಲೇ ಕತ್ತರಿಸಿ ಎಸೆಯಿರಿ, ಕರೆಂಟು ಮನೆಯಿಂದ ಹೊರಗೆ ಹರಿದು ಕಂಬ ಹತ್ತಿದ ಲೈನ್‌ಮನ್ನನ್ನು ಕೊಲ್ಲುತ್ತದೆ" ಎಂಬ ಸಾಲು ಓದಿ ತಣ್ಣಗಣ್ಣ ಬೆವತುಹೋದ. ನಾಲ್ಕು ವರ್ಷದಿಂದ ಅವನು ಅಂಗಡಿಯಲ್ಲಿ ಹಾಗೇ ಮಾಡುತ್ತಿದ್ದನಂತೆ. ಯಾರೂ ಸತ್ತಿಲ್ಲವೆನ್ನುವುದು ಅವನ ಪುಣ್ಯ. ಅವನೇ ಕತ್ತರಿ ತೆಗೆದುಕೊಂಡು ಅದನ್ನು ಮೂರು ತುಂಡು ಮಾಡಿದ.

ನೀನು ಬರೆದದ್ದನ್ನು ನಾನು ಗೊಣಗುತ್ತಲೇ ಮಾಡಿದೆ, ಆದರೆ ಒಂದನ್ನೂ ಬಿಡಲಿಲ್ಲ. ಜನರೇಟರು ಮನೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಕಾಂಪೌಂಡಿನ ಮೂಲೆಯಲ್ಲಿ, ಹೊಗೆಯ ಬಾಯಿ ಎಲ್ಲರ ಕಿಟಕಿಗೂ ಬೆನ್ನು ಮಾಡಿಕೊಂಡು. ಮಳೆಗೆ ಮೇಲೊಂದು ತಗಡು, ನಾಲ್ಕು ಕಡೆಯೂ ಬಯಲು. ಅಲ್ಲಿಂದ ನೀನು ಹೇಳಿದಷ್ಟು ದಪ್ಪದ ಕೇಬಲ್ಲು. ಶುರುಮಾಡಿದ ಮೇಲೆ ಎಂಜಿನ್ ಉಸಿರು ಸಮ ಮಾಡಿಕೊಳ್ಳಲು ಐದು ನಿಮಿಷ, ಆಮೇಲೆ ಕಂಪ್ಯೂಟರು. ಕಂಪ್ಯೂಟರು ನಡೆಯುವಾಗ ನೀರಿನ ಪಂಪಿಗೆ ಕೈ ಹಾಕುವಂತಿಲ್ಲ. ಮುಗಿಸುವಾಗ ಮೊದಲು ಕಂಪ್ಯೂಟರು, ಕೊನೆಗೆ ಎಂಜಿನ್. ಪೆಟ್ರೋಲು ಮುಗಿದು ತಾನಾಗಿ ನಿಲ್ಲುವಷ್ಟು ಬಿಡಬಾರದು, ಬಿಸಿ ಇರುವಾಗ ತುಂಬಿಸಲೂಬಾರದು. ಆ ಇಪ್ಪತ್ತು ಹೆಜ್ಜೆಗೆ ಸದ್ದೂ ಎಷ್ಟೋ ಇಳಿಯಿತು. ಮಧ್ಯದ ಕೋಣೆಯಲ್ಲಿ ಕೂತರೆ ಮೈಕಿಗೆ ಕೇಳಿಸುತ್ತಲೇ ಇರಲಿಲ್ಲ. ಜೀವ ಉಳಿಸಲು ನೀನು ಹೇಳಿದ ಬುದ್ಧಿ ಧ್ವನಿಯನ್ನೂ ಉಳಿಸಿತು ಎಂದು ಅಮ್ಮ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ಆದರೂ ಯುಪಿಎಸ್ ಸಾಹೇಬರ ಮುನಿಸು ಬಾಕಿಯಿತ್ತು. ಕಂಪ್ಯೂಟರಿನ ರಕ್ಷಣೆಗೆ ನಡುವೆ ಆ ಬ್ಯಾಟರಿ ಪೆಟ್ಟಿಗೆ ಇರಲೇಬೇಕೆಂದು ನೀನು ಬರೆದಿದ್ದೆ. ಅದೋ, ಜನರೇಟರಿನ ಕರೆಂಟನ್ನು ಮೂಸಿ ನೋಡಿ, ಇದು ನನಗೆ ಬೇಡವೆಂದು ಬ್ಯಾಟರಿಗೆ ಹಾರಿ, ಪ್ರತಿ ಅರ್ಧ ನಿಮಿಷಕ್ಕೆ "ಬೀಪ್" ಅನ್ನುತ್ತಿತ್ತು. ಬ್ಯಾಟರಿ ಮುಗಿದಾಗ ಕಂಪ್ಯೂಟರೂ ಕಣ್ಣು ಮುಚ್ಚಿತು. ಅರವತ್ತು ವಾಕ್ಯ ಹಾಳಾದವು. ಗಂಟಲು ದಿನದಿಂದ ದಿನಕ್ಕೆ ಒಡೆಯುತ್ತಿತ್ತು, ಒಂದು ಗಂಟೆ ಮಾತಾಡಿದರೆ ಎರಡು ಗಂಟೆ ಸುಮ್ಮನಿರಬೇಕಿತ್ತು. "ಬಿಡು, ಯಾರದೋ ಧ್ವನಿ ಇರ್ಲಿ" ಎಂದು ಪಟ್ಟಿಯನ್ನು ಎಸೆದೆ. ಅಮ್ಮ ಅದನ್ನು ಎತ್ತಿಕೊಂಡು ನಿನ್ನ ಎರಡನೇ ಪುಟ ತೆರೆದಳು. "ಇಲ್ಲಿ ನೋಡಿ, ಇದನ್ನೂ ಬರ್ದಿದ್ದಾಳೆ. ನೀವು ಓದೇ ಇಲ್ಲ!"

ನಿಜ, ಓದಿರಲಿಲ್ಲ. ಹೊರೆ ತೀರಾ ಕಡಿಮೆಯಿದ್ದರೆ ಎಂಜಿನ್ ಬೇಕಾದ್ದಕ್ಕಿಂತ ಜೋರಾಗಿ ತಿರುಗುತ್ತದೆ, ಹಳೆಯ ಕಾಲದ ಎರಡು ದೊಡ್ಡ ಬಲ್ಬು ಉರಿಸಿ ಅದನ್ನು ತಗ್ಗಿಸಿ. ಯುಪಿಎಸ್ಸಿನ ಬೆನ್ನಿನ ಗುಂಡಿ ಒತ್ತಿಹಿಡಿದು ಅದರ ಮಡಿವಂತಿಕೆ ಕಡಿಮೆ ಮಾಡಿ ಎಂದು ನೀನು ಬರೆದಿದ್ದೆ. ಬಲ್ಬು ಹಚ್ಚಿದೆ, ಗುಂಡಿ ಒತ್ತಿದೆ. ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ಆ ಪೆಟ್ಟಿಗೆಯನ್ನೇ ನೋಡುತ್ತಾ ಕೂತೆವು. ಅರ್ಧ ನಿಮಿಷ. ಒಂದು ನಿಮಿಷ. ಸದ್ದಿಲ್ಲ. ಅಮ್ಮ ನಕ್ಕಳು, ಆಮೇಲೆ ಅತ್ತಳು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಸಾವಿರದ ಇನ್ನೂರನೆಯದು ಮುಗಿಯಿತು. "ಹೊರಡುವ ಮುಂಚೆ ದೀಪ ಆರಿಸಿ" ಎಂಬ ವಾಕ್ಯ ಅದು.

ಈಗ ಯಂತ್ರ ಮಾತಾಡುತ್ತಿದೆ, ಮಗಳೇ! ನಿನ್ನೆ ನಾನು ಒತ್ತಿದ ಮೊದಲ ಮಾತು "ಚಹಾ ಕೊಡೆ". ನನ್ನದೇ ಧ್ವನಿ, ಆದರೆ ಪಟ್ಟಿಯನ್ನು ಶಾಲೆಯ ಹುಡುಗನಂತೆ ತಿದ್ದಿ ತೀಡಿ ಓದಿದ್ದೆನಲ್ಲ, ಯಂತ್ರವೂ ಹಾಗೇ ವಿನಯದಿಂದ ಕೇಳಿತು. ಅಮ್ಮ ಪಾತ್ರೆ ಕೆಳಗಿಟ್ಟು "ಇದು ನೀವಲ್ಲ, ನಿಮ್ಮ ಒಳ್ಳೇ ತಮ್ಮ. ಇವರೇ ಇರ್ಲಿ ಬಿಡಿ" ಎಂದಳು. ಬೇಡವಾದಾಗ ಧ್ವನಿ ತಗ್ಗಿಸುವ ಗುಂಡಿ ಎಲ್ಲಿದೆಯೆಂದು ಆಗಲೇ ಕಲಿತುಕೊಂಡಿದ್ದಾಳೆ. ಮುಂದಿನ ತಿಂಗಳು ಮಾರುಕಟ್ಟೆಗೆ ಹೋಗುತ್ತೇನೆ. ಕೂಗುವುದು ಇನ್ನು ಬೇರೆಯವರ ಕೆಲಸ. ಆದರೆ ಗುಟ್ಟಾಗಿ ಕೊಳೆತದ್ದನ್ನು ಬುಟ್ಟಿಯ ತಳಕ್ಕೆ ತುಂಬುವವರನ್ನು ಹಿಡಿಯಲು ಕಣ್ಣಿದ್ದರೆ ಸಾಕು, ಬೈಯಲು ಯಂತ್ರ ಇದೆ.

ಊಟ ನಿದ್ದೆ ಹೊತ್ತಿಗೆ ಸರಿಯಾಗಿ ಮಾಡು. ಎಂಜಿನ್ನಿನ ಹತ್ತಿರ ತಲೆಗೂದಲು ಬಿಗಿಯಾಗಿ ಕಟ್ಟಿಕೊ ಎಂದು ಅಮ್ಮ ಬರೆಯಲು ಹೇಳಿದ್ದಾಳೆ. ನೀನು ಮುಟ್ಟಿದ ಯಂತ್ರವೆಲ್ಲ ನಿನ್ನ ಮಾತು ಕೇಳಲಿ. ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ಮ.ವಿ.: ಒಂದು ವಿಷಯ ಮರೆತಿದ್ದೆ ಎಂದು ಬರೆಯಲು ಹೊರಟೆ. ಸುಳ್ಳು. ಧೈರ್ಯ ಬಂದಿರಲಿಲ್ಲ.

ಆಗ ನಿನಗೆ ಹತ್ತೊಂಬತ್ತು. ಎಂಜಿನ್ ಶೆಡ್ಡಿನಲ್ಲಿ ಮೊದಲ ದಿನದ ಕೆಲಸ ಮುಗಿಸಿ, ಮೊಣಕೈವರೆಗೆ ಕರಿ ಎಣ್ಣೆ ಮೆತ್ತಿಕೊಂಡು, ನನಗೆ ತೋರಿಸಲೆಂದು ನೀನು ನಗುತ್ತಾ ಮಾರುಕಟ್ಟೆಗೆ ಓಡಿಬಂದೆ. ನಾನು ಪೆಟ್ಟಿಗೆಯ ಮೇಲೆ ನಿಂತಿದ್ದೆ. "ಬನ್ನಿ, ಎಣ್ಣೆಗೈ ಹುಡುಗಿ, ಯಾರಿಗೆ ಬೇಕು? ಕೇಳೋರೇ ಇಲ್ವಾ? ಒಂದನೇ ಸಾರಿ, ಎರಡನೇ ಸಾರಿ..." ಇಡೀ ಮಾರುಕಟ್ಟೆ ನಕ್ಕಿತು. ಮೂರನೇ ಸಾರಿ ಕೂಗುವ ಮೊದಲೇ ನೀನು ಹೊರಟುಹೋಗಿದ್ದೆ, ಮರುವಾರ ಹಡಗಿಗೇ ಹೋದೆ. ತಮಾಷೆಗೆ ಅಂದೆ ಎಂದು ನಾನು ಆರು ವರ್ಷ ನನಗೇ ಹೇಳಿಕೊಂಡೆ.

ಲಕೋಟೆಯಲ್ಲಿ ಒಂದು ಪೆನ್‌ಡ್ರೈವ್ ಇದೆ. ಅದರಲ್ಲಿರುವುದು ಪಟ್ಟಿಯಲ್ಲಿ ಇಲ್ಲದ ಮಾತು. ಕೊನೆಯ ದಿನ, ಎಲ್ಲ ಮುಗಿದ ಮೇಲೆ, ಅಮ್ಮನನ್ನು ಹೊರಗೆ ಕಳಿಸಿ ರೆಕಾರ್ಡು ಮಾಡಿದೆ. ಇದನ್ನು ಯಂತ್ರಕ್ಕೆ ಕೊಟ್ಟಿಲ್ಲ. ಗುಂಡಿ ಒತ್ತಿದರೆ ಯಂತ್ರ ಯಾರಿಗೆ ಬೇಕಾದರೂ ತಪ್ಪಾಯಿತು ಎಂದುಬಿಡುತ್ತದೆ. ಇದನ್ನು ನನ್ನ ಗಂಟಲೇ ಹೇಳಿದೆ, ನಿನಗೊಬ್ಬಳಿಗೇ. ಕೂಗಿಲ್ಲ, ಮೆಲ್ಲಗೆ ಹೇಳಿದ್ದೇನೆ. ಎಂಜಿನ್ ನಿಲ್ಲಿಸಿದಾಗ ಕೇಳು.