ಕಾಗದದಾಚೆ ಹೋದ ಪಾದ

ಪ್ಯಾರಿಸ್, 9 ಮಾರ್ಚ್ 1906

ಪ್ರೀತಿಯ ಅಪ್ಪನಿಗೆ ಲೊರೆತಾಳ ನಮಸ್ಕಾರ.

ನಿಮ್ಮ ಮೊಣಕಾಲಿನ ಊತ ಇಳಿಯಿತೇ? ಬಿಸಿ ಬೂದಿಯ ಗಂಟು ಕಟ್ಟಿಕೊಳ್ಳುವುದನ್ನು ಮರೆಯಬೇಡಿ. ಪುಟ್ಟ ಚೆಲೆಸ್ತಾ ತಲೆಯ ಮೇಲಿನ ಕಡಲೆಕಾಳು ಬೀಳದಂತೆ ನಿಲ್ಲಲು ಕಲಿಯುತ್ತಿದ್ದಾಳೆಂದು ಬರೆದಿದ್ದೀರಿ. ತಂಗಿಯ ವಯಸ್ಸಿನಲ್ಲಿ ನನಗೂ ಹಾಗೇ ಕಲಿಸಿದ್ದಿರಿ. "ಕಲ್ಲೇ ನಾಚ್ಕೋಬೇಕು, ಹಂಗೆ ನಿಲ್ಲು" ಅನ್ನುತ್ತಿದ್ದಿರಿ.

ಇಲ್ಲಿ ಆ ವಿದ್ಯೆಯೇ ನನಗೆ ಮುಳುವಾಗಿತ್ತು. ನೀವು ಹನ್ನೆರಡು ವರ್ಷ ಸಂತನಾಗಿ, ಕುರುಬನಾಗಿ, ಸೈನಿಕನಾಗಿ ಯಾರೆದುರು ಮಾದರಿಗೆ ನಿಂತಿರೋ, ಆ ಶಿಲ್ಪಿ ಗಾರ್ನೆಲ್ ಯಜಮಾನರು ಈಗ ಸುತ್ತಿಗೆ ಹಿಡಿಯಲಾರರು. ಬೆರಳುಗಳು ಗಂಟುಗಟ್ಟಿವೆ. ತೊಡೆಯ ಮೇಲೆ ಹಲಗೆ, ಅದರ ಮೇಲೆ ಹಾಳೆ, ಕೈಯಲ್ಲಿ ಸೀಸದ ಕಡ್ಡಿ. ಕಣ್ಣು ನನ್ನ ಮೇಲೆಯೇ, ಹಾಳೆಯನ್ನು ನೋಡುವುದೇ ಇಲ್ಲ. "ಓಡಾಡು, ತಲೆ ಬಾಚ್ಕೋ, ಆಕಳಿಸು" ಅನ್ನುತ್ತಾರೆ. ನಾನೋ, ಅವರ ಕಣ್ಣು ಬಿದ್ದೊಡನೆ ಕಂಬ. ಬುಧವಾರ, "ಕಲ್ಲು ನನ್ನತ್ರ ಬೇಕಾದಷ್ಟಿದೆ ಮಗಳೇ. ನಾಳೇನೂ ಹಿಂಗೇ ನಿಂತ್ರೆ ಆಮೇಲೆ ಬರ್ಬೇಡ" ಅಂದರು. ಇಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡಿರುವ ಚಿಕ್ಕಮ್ಮ, "ನಡೆಯೋಕೂ ಬರಲ್ವೇನೇ? ಕತ್ತೆಗೂ ಬರತ್ತಲ್ಲೇ" ಎಂದು ನಕ್ಕಳು.

ನಿನ್ನೆ ಯಜಮಾನರ ಕೆಲಸದ ಕೋಣೆಯಲ್ಲಿ ಒಲೆಯ ಶಾಖಕ್ಕೆ, ಕಿಟಕಿಯ ಬಿಸಿಲಿಗೆ ಮಂಪರು ಹತ್ತಿತು. ನಮ್ಮೂರ ಬುಗ್ಗೆಯಿಂದ ತಾಮ್ರದ ಕೊಡ ಹೊತ್ತು ದಿಬ್ಬ ಏರುತ್ತಿದ್ದೆ. ಮುಂದೆ ಅಮ್ಮ, ಬದುಕಿದ್ದಾಗಿನ ಹಾಗೆಯೇ, ಒದ್ದೆ ಹಿಮ್ಮಡಿಯಲ್ಲಿ ನಡೆಯುತ್ತಿದ್ದಳು. ನೀರು ತುಳುಕದಂತೆ ನನ್ನ ಸೊಂಟ ತಾನಾಗಿಯೇ ತೂಗುತ್ತಿತ್ತು. ಅವಳನ್ನು ಮುಟ್ಟಲೆಂದು ಒಂದು ಹೆಜ್ಜೆ ಉದ್ದ ಹಾಕಿದೆ. ಎಚ್ಚರವಾದಾಗ ಎದುರಿಗೆ ಗೋಡೆ, ಮಂಪರಿನಲ್ಲೇ ಕೋಣೆಯುದ್ದ ನಡೆದುಬಿಟ್ಟಿದ್ದೆ. ನೆಲದ ತುಂಬ ಹಾಳೆಗಳು. ಯಜಮಾನರು ಇಟ್ಟಿಗೆ ಬಣ್ಣವನ್ನು ನೀರಲ್ಲಿ ಕದಡಿ, ಒಂದು ಹಾಳೆಯ ಮೇಲೆ ಒಂದೇ ಸಲಕ್ಕೆ ಹರಿಸಿದರು. ಬಣ್ಣ ಗೆರೆಯೊಳಗೆ ನಿಲ್ಲದೆ ತನ್ನ ದಾರಿ ಹಿಡಿಯಿತು. ಚಿತ್ರದಲ್ಲಿ ನನಗೆ ಮುಖವಿಲ್ಲ. ಆದರೂ ಅದು ಅಮ್ಮನ ನಡಿಗೆ, ಅಪ್ಪ. ಮುಂದಿಟ್ಟ ಪಾದವೂ ಇಲ್ಲ, ಆ ಕಾಲು ಹಾಳೆಯ ಅಂಚಿಗೇ ಮುಗಿದಿದೆ. ಎಲ್ಲಿ ಎಂದು ಕೇಳಿದೆ. "ನಡೀತಿದ್ಯಲ್ಲ, ಅದು ಮುಂದೆ ಹೋಗಿದೆ" ಅಂದರು. ಸೋಮವಾರವೂ ಬರಬೇಕಂತೆ.

ಹೊರಡುವಾಗ ನಿಮ್ಮ ಕಾಲಿನ ವಿಚಾರ ಕೇಳಿದರು. ಹೇಳಿದೆ. ಬಹಳ ಹೊತ್ತು ಕುಂಚ ತೊಳೆಯುತ್ತಲೇ ಇದ್ದರು. "ಒಂದಿನಾನೂ ಕಾಲು ಬದಲಾಯಿಸಲಿಲ್ಲ ನಿಮ್ಮಪ್ಪ. ಕೂತ್ಕೋ ಅಂತ ನಾನೂ ಹೇಳ್ಲಿಲ್ಲ" ಅಂದರು. ಆ ಚಿತ್ರವನ್ನು ನಿಮಗೆಂದು ಕೊಟ್ಟಿದ್ದಾರೆ, ಈ ಪತ್ರದೊಳಗೇ ಇಟ್ಟಿದ್ದೇನೆ.

ಚೆಲೆಸ್ತಾಳ ಎರಡು ಕೆನ್ನೆಗೂ ಮುತ್ತು. ನಿಮ್ಮ ಕೈಗೆ ಮುತ್ತಿಡುವ ಮಗಳು,
ಲೊರೆತಾ

ಮತ್ತೊಂದು ಮಾತು: ಎದುರಿಗಿದ್ದಿದ್ದರೆ ಹೇಳುವ ಧೈರ್ಯವಾಗುತ್ತಿರಲಿಲ್ಲ. ಚೆಲೆಸ್ತಾಳ ತಲೆಯ ಮೇಲಿನ ಕಡಲೆಕಾಳನ್ನು ಇವತ್ತೇ ತೆಗೆದು ಸಾರಿನ ಮಡಕೆಗೆ ಹಾಕಿಬಿಡಿ, ಅಪ್ಪ. ಅವಳು ಓಡಲಿ.